ದೆವ್ವ ಹಾಕಿದ ರಂಗೋಲಿ

ಒಂದೂರಿನಲ್ಲಿ ಹೊಂಬಾಳ ಅಂತ ಒಬ್ಬ ಇದ್ದನಂತೆ. ಯಾವೂರು ಅಂತ ಕೇಳಬೇಡಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಸೋದರತ್ತೆ ದುಂಡಮ್ಮ ಅವನನ್ನು ಸಾಕಿದಳು. ದುಂಡಮ್ಮ ನೇಗಿಲು ಹೂಡೋಳು, ಮರ ಹತ್ತೋಳು, ಎತ್ತು ಹಾಯೋಕೆ ಬಂದರೆ ಕೊಂಬು ಹಿಡಿದು ನಿಲ್ಲಿಸೋಳು. ಅವಳಿಗೆ ಊರವರು ಗಂಡುಬೀರಿ ಅಂದರು. ಹೊಂಬಾಳನ ನಡಿಗೆ ಮೆಲ್ಲಗೆ, ಮಾತು ಮೆಲ್ಲಗೆ, ರಂಗೋಲಿ ಅಂದರೆ ಪ್ರಾಣ. ಅವನಿಗೆ ಹೆಣ್ಣಿಗ ಅಂದರು. ಇಬ್ಬರೂ ಯಾರ ತಂಟೆಗೂ ಹೋದವರಲ್ಲ. ಆದರೂ ಊರವರಿಗೆ ಉಂಡ ಅನ್ನ ಅರಗಬೇಕಲ್ಲ.

ಒಂದು ಹಬ್ಬದ ಬೆಳಗ್ಗೆ ಗೌಡನ ಹೆಂಡತಿಗೆ ಜ್ವರ. ಅವಳು ಕರೆದಳು ಅಂತ ಹೊಂಬಾಳ ಹೋಗಿ ಅವರ ಬಾಗಿಲಿಗೆ ತಾವರೆ ಬಿಡಿಸಿದ. ಬಂದ ನೆಂಟರು ಹೊಗಳಿದ್ದೇ ಹೊಗಳಿದ್ದು. ಬಿಡಿಸಿದ್ದು ಗಂಡಸು ಅಂತ ತಿಳಿದದ್ದೇ ತಡ, ಬಿದ್ದು ಬಿದ್ದು ನಕ್ಕರು. ಗೌಡನಿಗೆ ಮುಖ ಎತ್ತಲಾಗದಂತಾಯಿತು. ಹೊಂಬಾಳನ ಪುಡಿ ಕುಡಿಕೆ ಒಡೆದುಹಾಕಿ, ಇನ್ನೊಂದು ಸಲ ಪುಡಿ ಮುಟ್ಟಿದರೆ ಅತ್ತೆ ಅಳಿಯ ಇಬ್ಬರನ್ನೂ ಊರಾಚೆ ಹಾಕುತ್ತೇನೆ ಅಂದ. ಹೊಂಬಾಳ ಅವತ್ತಿನಿಂದ ಸರಿಯಾಗಿ ಉಣ್ಣಲೂ ಇಲ್ಲ, ಪಾಪ.

ಅಷ್ಟರಲ್ಲಿ ಊರ ಬಾವಿಗೆ ಒಂದು ದೆವ್ವ ಬಂದು ಸೇರಿಕೊಂಡಿತಂತೆ. ಹೊಡೆಯಲಿಲ್ಲ, ಬಡಿಯಲಿಲ್ಲ. ಕೊಡ ಇಳಿಸಿದರೆ ಹಗ್ಗ ಹಿಡಿದುಕೊಂಡು, ರಂಗೋಲಿ ಹಾಕಿದರೆ ಬಿಡ್ತೀನಿ ಅನ್ನೋದು. ಹೆಂಗಸರು ಬಂದು ಹಾಕಿದರು. ದೆವ್ವ ಉಫ್ ಅಂತ ಊದಿ ಅಳಿಸಿತು. ಗಂಡಸಿನ ಕೈಯಲ್ಲಿ ಹಾಕಿಸಿ ಅಂದಿತು. ಗರಡಿಯ ಜಟ್ಟಿ ತೊಡೆ ತಟ್ಟಿಕೊಂಡು ಬಂದ. ಅವನು ಹಾಕಿದ ಹಂಸ ನೋಡಿ ನಕ್ಕೂ ನಕ್ಕೂ ದೆವ್ವಕ್ಕೇ ಬಿಕ್ಕಳಿಕೆ ಬಂತು, ಹಗ್ಗ ಮಾತ್ರ ಬಿಡಲಿಲ್ಲ. ಇತ್ತ ಮನೆಮನೆಯ ಹಂಡೆ ಬರಿದಾಯಿತು, ಮಕ್ಕಳ ನಾಲಿಗೆ ಒಣಗಿತು.

ಕೊನೆಗೆ ಗೌಡನೇ ದುಂಡಮ್ಮನ ಬಾಗಿಲಿಗೆ ಬಂದು ನಿಂತ. ಅವಳು ಎತ್ತಿಗೆ ಹುಲ್ಲು ಹಾಕುತ್ತಾ, ತಿರುಗಿಯೂ ನೋಡದೆ ಅಂದಳು:

"ಒಡೆದ ಕುಡಿಕೆ ಕೊಟ್ಟು ಆಮೇಲೆ ಮಾತಾಡಿ ಗೌಡ್ರೇ."

ಗೌಡ ಕುಂಬಾರರ ಕೇರಿಗೆ ಓಡಿದ. ಹೊಸ ಕುಡಿಕೆ ತಂದು, ತಾನೇ ಕೂತು ಬಿಳಿಕಲ್ಲು ಕುಟ್ಟಿ, ಜರಡಿ ಹಿಡಿದು ತುಂಬಿಸಿದ. ಮೀಸೆಯೆಲ್ಲ ಬೆಳ್ಳಗಾಯಿತು.

ಹೊಂಬಾಳ ಬಾವಿಕಟ್ಟೆ ಗುಡಿಸಿ, ಚುಕ್ಕಿ ಇಟ್ಟು, ಬಳ್ಳಿ ಎಳೆದ. ದೆವ್ವ ಊದಲಿಲ್ಲ. ಬಗ್ಗಿ ನೋಡುತ್ತಾ ಕೇಳಿತು:

"ನಿನ್ನನ್ನ ಹೆಣ್ಣಿಗ ಅನ್ನಲ್ವಾ?"

"ಅಂತಾರೆ."

"ನೋವಾಗಲ್ವಾ?"

"ಆಗುತ್ತೆ. ರಂಗೋಲಿ ಬಿಟ್ಟು ಕೂತಾಗ ಅದಕ್ಕಿಂತ ಜಾಸ್ತಿ ಆಯ್ತು."

ದೆವ್ವ ಗೊಳೋ ಅಂತ ಅತ್ತಿತು. ಬದುಕಿದ್ದಾಗ ತನಗೂ ಇದೇ ಆಸೆಯಿತ್ತಂತೆ. ಅದೊಂದು ಮಾತಿಗೆ ಹೆದರಿ, ಮೀಸೆ ತಿರುವಿಕೊಂಡೇ ಸತ್ತೆ ಅಂತ ಹೇಳಿಕೊಂಡಿತು. ಆಮೇಲೆ ಜನರ ಮಧ್ಯೆ ನಿಂತಿದ್ದ ಗೌಡನ ಕಡೆ ತಿರುಗಿತು:

"ನಾನು ನಿನ್ನ ತಾತ ಕಣೋ. ಕುಡಿಕೆ ಒಡೆದೋನು ನೀನೇ ಏನೋ?"

ಗೌಡ ಇದ್ದಲ್ಲೇ ಅಡ್ಡಬಿದ್ದ. ಹೊಂಬಾಳ ಮಾತ್ರ ಹೆದರಲಿಲ್ಲ. ಬನ್ನಿ ತಾತ, ನೀವೂ ಹಾಕಿ ಅಂತ ದೆವ್ವದ ತಣ್ಣನೆ ಕೈ ಹಿಡಿದು ಗೆರೆ ಎಳೆಸಿದ. ಗೆರೆ ಸೊಟ್ಟಗಾಯಿತು. ಮೊದಲ ಸಲಕ್ಕೆ ಚೆನ್ನಾಗೇ ಬಂತು ಅಂದ. ದೆವ್ವ ಕಣ್ಣೊರೆಸಿಕೊಂಡು ನಕ್ಕಿತು. ನಗುನಗುತ್ತಲೇ ಕರಗಿಹೋಯಿತು. ಹಗ್ಗ ಸಡಿಲಾಯಿತು, ಕೊಡಗಳು ಬುಳುಬುಳು ಅಂತ ತುಂಬಿದವು.

ಮಾರನೆಯ ಬೆಳಗ್ಗೆ ಗೌಡನ ಮನೆ ಮುಂದೆ ಗೌಡನೇ ಕುಕ್ಕುರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಹೊಂಬಾಳ, ಬಳ್ಳಿ ಎಲ್ಲಿ ತಿರುಗಬೇಕು ಅಂತ ತೋರಿಸುತ್ತಿದ್ದ. ಆ ದಾರಿಯಲ್ಲಿ ಬಂದ ಜಟ್ಟಿಗೆ ಬಾಯಿ ತಡೆಯಲಿಲ್ಲ.

"ಏನ್ ಗೌಡ್ರೇ, ನೀವೂ ಹೆಣ್ಣಿಗ ಆಗ್ಬಿಟ್ರಾ?"

ಗೌಡ ತಲೆಯೆತ್ತಲಿಲ್ಲ.

"ಆದೆ ಕಣಪ್ಪ. ಪುಡಿ ತುಳೀಬೇಡ, ಆಚೆ ನಿಂತ್ಕೋ."

ಅವರ ಬಾಗಿಲಲ್ಲಿ ರಂಗೋಲಿ ಉಳಿಯಿತು, ನನ್ನ ಬಾಯಲ್ಲಿ ಕಥೆ ಉಳಿಯಿತು. ಇನ್ನು ನೀವು ಕೈ ತೊಳೆದು ಊಟಕ್ಕೆ ಏಳಿ.