ಹಠದ ಠ

ಗುಜರಿಯಿಂದ ಎದ್ದುಬಂದ, ವಿಡಿಯೋ ಗೇಮ್ ಆಡಿಸುತ್ತಿದ್ದ ಹಳೆಯ ಕಂಪ್ಯೂಟರಿಗೆ ಓಣಿಯ ಕರಪತ್ರ ಬರೆಯುವ ಕೆಲಸ ಬಿತ್ತು. ನಲ್ಲಿ ಒಣಗಿತ್ತು. ಸಂಜೆಯೊಳಗೆ ಕರಪತ್ರ ನೀರು ಸರಬರಾಜಿನ ಸಾಹೇಬರ ಮೇಜಿಗೆ ಬೀಳದಿದ್ದರೆ ಓಣಿಯ ನೀರು ಹೋಟೆಲಿನ ಈಜುಕೊಳದ ಪಾಲು.

"ಆಟದ ಡಬ್ಬಿಗೆ ಊರ ಉಸಾಬರಿ ಯಾಕಯ್ಯಾ?" ಎಂದು ಪಕ್ಕದ ಲ್ಯಾಪ್‌ಟಾಪ್ ನಕ್ಕಿತು. "ನಾನೇ ಬರೆಯುತ್ತಿದ್ದೆ. ಏನು ಮಾಡಲಿ, ಬೆಳಗಿನಿಂದ ಅಪ್‌ಡೇಟ್ ಆಗುತ್ತಿದ್ದೇನೆ."

"ಆಗುತ್ತಲೇ ಇರು," ಎಂದಿತು ಹಳೆಯದು.

ಅದರ ತಲೆಯಲ್ಲಿ ಜಾಗ ಕಡಿಮೆ. ಕನ್ನಡದ ಅಕ್ಷರಗಳು ಒಳಗೆ ಬರಬೇಕಾದರೆ ಆಟದ ರಾಕ್ಷಸರು ಹೊರಗೆ ನಡೆಯಬೇಕು. ಎಲ್ಲರೂ ಹೋದರು. ಒಂಟಿಗಣ್ಣಿನ ರಾಕ್ಷಸನೊಬ್ಬ ಮಾತ್ರ ಬಾಗಿಲು ಹಿಡಿದು ನಿಂತ.

"ಇಷ್ಟು ವರ್ಷ ಇಲ್ಲಿ ಗುಂಡು ತಿಂದಿದ್ದೇನೆ. ನನಗೂ ಕೆಲಸ ಕೊಡು!"

ಕಂಪ್ಯೂಟರ್ ಅವನ ದುಂಡು ಮುಖವನ್ನೂ ನಡುವಿನ ಕಣ್ಣನ್ನೂ ನೋಡಿತು. "ತಲೆಕಟ್ಟು ಕಟ್ಟಿಕೊಂಡು ಬಾ. ಇವತ್ತಿನಿಂದ ನೀನು ಠ."

ಸಂಜೆ ಸಾಹೇಬರು ಕರಪತ್ರ ಎತ್ತಿಕೊಂಡರು. "ನೀರು ಬರುವ ತನಕ ಹಠ ಬಿಡೆವು" ಎಂಬ ಸಾಲಿನಿಂದ ಒಂದು ಕಣ್ಣು ಅವರನ್ನೇ ದುರುಗುಟ್ಟಿ ನೋಡುತ್ತಿತ್ತು. ಅವರು ಹಾಳೆಯನ್ನು ಡ್ರಾಯರಿಗೆ ತುರುಕಿದರು.

"ಏ ಸಾಹೇಬಾ," ಎಂದು ಒಳಗಿನಿಂದ ಠ ಗುಡುಗಿತು, "ಗುಂಡು ತಿಂದೂ ತಿಂದೂ ಪರದೆಯ ಮೇಲಿಂದ ಮತ್ತೆ ಮತ್ತೆ ಇಳಿದು ಬಂದವನು ನಾನು. ಡ್ರಾಯರಿಗೆ ಹೆದರುತ್ತೇನೆಯೇ? ನೀರು ಬಿಡು!"

ಸಾಹೇಬರು ಬರಿಗಾಲಲ್ಲೇ ಓಡಿ ನೀರು ಬಿಟ್ಟರು.

"ನನ್ನ ಅಪ್‌ಡೇಟ್ ಮುಗಿಯಿತು! ಕರಪತ್ರದಲ್ಲಿ ಏನು ಬರೆಯಬೇಕು?" ಎಂದು ಲ್ಯಾಪ್‌ಟಾಪ್ ಕೇಳಿತು. ಕೊಡ ತುಂಬಿಸುವ ಗದ್ದಲದಲ್ಲಿ ಅದರ ಮಾತು ಯಾರ ಕಿವಿಗೂ ಬೀಳಲಿಲ್ಲ.