ಬೇರೆಯವನ ಹೆಗಲಿಗೆ ಶಾಲು

"ಗುರುಗಳೇ, ಹಿಮಾಲಯದಾಚೆಯ ಭೋಟ ದೇಶದಿಂದ ಸಂತೆಗೆ ಉಣ್ಣೆ ಮಾರಲು ಬರುವವರ ಮುಖಗಳೆಲ್ಲ ನನಗೆ ಒಂದೇ ಅಚ್ಚಿನಂತೆ ಕಾಣುತ್ತವೆ. ಇದು ಆ ಮುಖಗಳ ಗುಣವೋ, ನನ್ನ ಕಣ್ಣಿನ ದೋಷವೋ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಐವತ್ತು ದಾಟಿದವನು. ಹತ್ತು ವರ್ಷದ ಹಿಂದೆ ಒಮ್ಮೆ ಬಂದ ಗಿರಾಕಿಯನ್ನೂ ಮುಖ ನೋಡಿ ಹೆಸರು ಹಿಡಿದು ಕರೆಯುತ್ತಿದ್ದ. ಒಂದು ಸಲ ಅವನ ದೋಣಿ ಅಳಿವೆಯಲ್ಲಿ ಮಗುಚಿತು. ಆಫ್ರಿಕಾದಿಂದ ಬಂದು ಬಂದರಿನಲ್ಲಿ ಕೂಲಿಗಿದ್ದ ಹಬಶಿ ನಾವಿಕನೊಬ್ಬ ನೀರಿಗೆ ಹಾರಿ ಅವನನ್ನು ದಡಕ್ಕೆ ಎಳೆದು ತಂದ. ವ್ಯಾಪಾರಿಯ ಹಣೆ ಒಡೆದಿತ್ತು, ಜ್ವರ ಏರಿತ್ತು. ನಾವಿಕ ತನ್ನ ಗುಡಿಸಲಿನಲ್ಲಿ ಮಲಗಿಸಿ ಗಂಜಿ ಕುಡಿಸಿದ. ಜ್ವರ ಬಿಟ್ಟ ಮೇಲೂ ವ್ಯಾಪಾರಿ ನಾಲ್ಕು ದಿನ ಅಲ್ಲೇ ಇದ್ದು ಊರಿಗೆ ಮರಳಿದ.

ಮರುವರ್ಷ ಆ ಉಪಕಾರ ನೆನೆದು ಒಂದು ಶಾಲು ತೆಗೆದುಕೊಂಡು ಬಂದರಿಗೆ ಹೋದ. ಕಟ್ಟೆಯ ಮೇಲೆ ಐದು ಮಂದಿ ಹಬಶಿಗಳು ಹಗ್ಗ ಹೊಸೆಯುತ್ತಿದ್ದರು. ವ್ಯಾಪಾರಿ ಒಂದೊಂದೇ ಮುಖ ನೋಡಿದ. ಐದೂ ಒಂದೇ ಆಗಿ ಕಂಡವು. ಕೇಳಲು ನಾಚಿಕೆಯಾಯಿತು. ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದವನಿಗೆ ಶಾಲು ಹೊದಿಸಿ ಕೈ ಮುಗಿದ.

ಅವನು ಶಾಲನ್ನು ತೆಗೆದು ಮಡಿಸಿ ಹಿಂದಕ್ಕೆ ಕೊಟ್ಟ. "ನಾನಲ್ಲ, ಧಣಿ."

ವ್ಯಾಪಾರಿ ಪಕ್ಕದವನ ಕಡೆ ತಿರುಗಿದ. ಅವನೂ ತಲೆ ಅಲ್ಲಾಡಿಸಿದ. ಆಗ ಕೊನೆಯಲ್ಲಿ ಕೂತಿದ್ದವನು ಕೇಳಿದ: "ಹಣೆಯ ಗಾಯ ಮಾಯಿತೇ?"

ವ್ಯಾಪಾರಿ ಅವನ ಕಡೆ ತಿರುಗಿದ. "ನೀನು ನನ್ನನ್ನು ಯಾವಾಗ ಗುರುತು ಹಿಡಿದೆ?"

"ಇವತ್ತು ನೀವು ದೋಣಿಯಿಂದ ಇಳಿದಾಗಲೇ. ಬಂದ ಹೊಸದರಲ್ಲಿ ನನಗೂ ಈ ನಾಡಿನವರೆಲ್ಲ ಒಂದೇ ಥರ ಕಾಣುತ್ತಿದ್ದರು. ಕೆಲಸ ಕೊಡುವವನು ಯಾರು, ಹೊಡೆಯುವವನು ಯಾರು ಎಂದು ತಿಳಿಯದೆ ನಮಗೆ ಬದುಕಿಲ್ಲ. ಕಲಿತೆ. ನಿಮಗೆ ಆ ಅಗತ್ಯ ಬೀಳಲಿಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ವ್ಯಾಪಾರಿಗೆ ತಲೆ ಎತ್ತಲಾಗಲಿಲ್ಲ. ಶಾಲನ್ನು ಮತ್ತೆ ಹೊದಿಸುವ ಧೈರ್ಯವೂ ಬರಲಿಲ್ಲ. "ನಿನ್ನ ಹೆಸರೇನು?" ಎಂದ. ಅಷ್ಟು ದಿನ ಅವನ ಗುಡಿಸಲಿನಲ್ಲಿದ್ದು ಅದನ್ನೂ ಕೇಳಿರಲಿಲ್ಲ.

"ಯಾಕೂತ."

ವ್ಯಾಪಾರಿ ಆ ಐವರ ನಡುವೆ ನೆಲದ ಮೇಲೆ ಕೂತ. ಹೊತ್ತು ಮುಳುಗುವವರೆಗೂ ಅವರ ಮಾತು ಕೇಳಿದ. ಏಳುವಾಗ ಐವರನ್ನೂ ಹೆಸರು ಹಿಡಿದು ಬೀಳ್ಕೊಂಡ, ಒಂದೂ ತಪ್ಪಲಿಲ್ಲ.

ಶಿಷ್ಯನ ಮುಖ ಅರಳಿತು. "ಹಾಗಾದರೆ ಇದು ಒಂದು ಸಂಜೆಯ ಕೆಲಸವಷ್ಟೇ, ಗುರುಗಳೇ?"

"ಅಷ್ಟೇ," ಎಂದರು ಗುರು, "ಆ ಒಂದು ಸಂಜೆ ಅವನಿಗೆ ಐವತ್ತು ವರ್ಷ ಸಿಕ್ಕಿರಲಿಲ್ಲ."