ಕುಚ್ಚು ಕಟ್ಟುವ ಮನೆಗೆ ಅಂಗಡಿ ಬಾಡಿಗೆ

ಮಾತು ತಿಂಗಳಿಗೆ ಸಾವಿರ ರೂಪಾಯಿಯದು. ಬಾಡಿಗೆ ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುವ ಸರ್ವಮಂಗಳೆಗೆ ಅದು ಅರ್ಧ ಸಂಪಾದನೆ. ಮಾಲೀಕ ಪರಮಶಿವಯ್ಯನವರು ಬಾಗಿಲಲ್ಲಿ ನಿಂತು ಗುಡುಗಿದರು: “ಮನೇಲಿ ವ್ಯಾಪಾರ ಮಾಡಿದ್ರೆ ಅದು ಅಂಗಡಿ. ಅಂಗಡಿ ಬಾಡಿಗೆ ಅಂತ ಸಾವಿರ ಜಾಸ್ತಿ ಕೊಡಮ್ಮ.”

“ಆಗಲಿ ಯಜಮಾನ್ರೇ. ನಿಮ್ಮ ಮಗಳ ಮದುವೆಯ ಹನ್ನೊಂದು ಸೀರೆಗೆ, ಮನೆಯವರಿದ್ದ ಹಾಗೆ ಅಂತ ಬಿಟ್ಟಿ ಕುಚ್ಚು ಕಟ್ಟಿಕೊಡೋಕೆ ಒಪ್ಪಿದ್ದೆ. ಅಂಗಡಿ ಆದ್ಮೇಲೆ ತಲಾ ಐನೂರು. ಮುಂಗಡ ಕೊಟ್ಟೇ ಹೋಗಿ.”

ಮಹಡಿಯಿಂದ ಅವರ ಹೆಂಡತಿಯ ದನಿ ಬಂತು: “ರೀ, ಬಾಯಿ ಮುಚ್ಕೊಂಡು ಮೇಲೆ ಬನ್ನಿ!”

ಯಜಮಾನರು ಗಂಟಲು ಸರಿಮಾಡಿಕೊಂಡರು. “ಮನೆ ಅಂದ್ರೆ ಮನೇನೇ ಬಿಡಮ್ಮ. ನಾನು ತಮಾಷೆಗೆ ಅಂದೆ.”

“ಹಾಗಾದ್ರೆ ಕೂಲಿ ಬೇಡ ಸ್ವಾಮಿ. ರೇಷ್ಮೆ ದಾರದ ಖರ್ಚು ಆರುನೂರು ಕೊಟ್ಟುಬಿಡಿ. ಇಷ್ಟು ದಿನ ಕೇಳೋಕೆ ಸಂಕೋಚವಾಗಿತ್ತು.”

ಕೊಟ್ಟರು. ತಿಂಗಳ ಸಾವಿರ ಉಳಿಯಿತು, ಕೈಗೆ ಆರುನೂರು ಬಂತು, ಸಂಕೋಚವೂ ಹೋಯಿತು.